ಕಾಂಬ್ಯಾಟ್ ರೋಬೋಟ್ ಗ್ಯಾಸ್ ಬಾಟಲಿಗೆ ಬರ್ಸ್ಟ್ ಡಿಸ್ಕಾ, ರಿಲೀಫ್ ವಾಲ್ವಾ, ಫ್ಯೂಸಿಬಲ್ ಪ್ಲಗ್ಗಾ?

ಕಾಂಬ್ಯಾಟ್ ರೋಬೋಟ್ ಅಂದ್ರೆ ಅರೀನಾದಲ್ಲಿ ಒಂದಕ್ಕೊಂದು ಕಾದಾಡೋ ರೋಬೋಟ್, ಅದರಲ್ಲಿ ಗ್ಯಾಸ್ ಬಲದಿಂದ ಎದುರಾಳಿನ ಎತ್ತಿ ಎಸೆಯೋದು ಫ್ಲಿಪ್ಪರ್. ಫ್ಲಿಪ್ಪರ್ ರೋಬೋಟ್ ಕಟ್ಟೋಕೆ ಹೊರಟವ್ರೆಲ್ಲ ಒಂದಲ್ಲ ಒಂದಿನ ಕೇಳೋ ಪ್ರಶ್ನೆ ಇದು, ಪ್ರೆಶರ್ ಮಿತಿ ಮೀರಿದ್ರೆ ಹರಿಯೋ ಬರ್ಸ್ಟ್ ಡಿಸ್ಕ್ ಹಾಕ್ಲಾ, ತೆರೆದು ಮತ್ತೆ ಮುಚ್ಚೋ ಪ್ರೆಶರ್ ರಿಲೀಫ್ ವಾಲ್ವ್ ಹಾಕ್ಲಾ ಅಂತ. ಉತ್ತರ ಸಾಮಾನ್ಯವಾಗಿ ಏನ್ ಸಿಗತ್ತೆ ಅಂದ್ರೆ ಎರಡೂ ಒಳ್ಳೇದೇ, ನಿಮ್ಮ ಡಿಸೈನ್ ನೋಡ್ಕೊಂಡು ಹಾಕಿ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಬಿಡ್ತಾರೆ. ನಾನು ನೇರವಾಗೇ ಹೇಳ್ತೀನಿ: ಬಾಟಲಿ ಮೇಲೆ ಡಿಸ್ಕ್, ಪ್ರೆಶರ್ ಇಳಿಸೋ ರೆಗ್ಯುಲೇಟರ್ ದಾಟಿದ ಮೇಲೆ ರಿಲೀಫ್ ವಾಲ್ವ್, ಪಕ್ಕದಲ್ಲೇ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇದ್ರೆ ಬಿಸಿಗೆ ಕರಗೋ ಫ್ಯೂಸಿಬಲ್ ಪ್ಲಗ್ ಬಗ್ಗೆನೂ ಯೋಚನೆ ಮಾಡಿ. ಯಾವುದು ಬೆಸ್ಟ್ ಅನ್ನೋ ಪ್ರಶ್ನೆನೇ ತಪ್ಪು, ಯಾವ ಪಾರ್ಟನ್ನ ಯಾವುದರಿಂದ ಕಾಪಾಡ್ಬೇಕು ಅಂತ ಕೇಳ್ಬೇಕು, ಯಾಕಂದ್ರೆ ಬಾಟಲಿ ಕತ್ತಲ್ಲಿರೋ ಡಿಸ್ಕ್ ಬಾಟಲೀನ ಮಾತ್ರ ಕಾಯತ್ತೆ, ಅದರ ಮುಂದಿರೋ ಸಾಲೆನಾಯ್ಡ್ (ಕರೆಂಟಿನಿಂದ ತೆರೆಯೋ ವಾಲ್ವ್), ಹೋಸ್, ಸಿಲಿಂಡರ್ ಇವುಗಳ ಗೊಡವೆ ಅದಕ್ಕಿಲ್ಲ.

ಮೊದ್ಲು ಒಂದು ಲೆಕ್ಕ, ಇದನ್ನ ಯಾಕೆ ಇಷ್ಟು ಸೀರಿಯಸ್ಸಾಗಿ ತಗೋಬೇಕು ಅಂತ ಗೊತ್ತಾಗ್ಲಿ. ಒಂದು ಲೀಟರ್ ಬಾಟಲಿಗೆ 200 ಬಾರ್ (ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಪ್ರೆಶರ್) ಗಾಳಿ ತುಂಬಿದ್ರೆ ಅದರಲ್ಲಿ ಕೂತಿರೋ ಎನರ್ಜಿ ಸುಮಾರು 40 ಕಿಲೋಜೂಲ್, ಅಂದ್ರೆ ಹತ್ತು ಗ್ರಾಂ ಹತ್ತಿರ ಟಿಎನ್‌ಟಿ ಸ್ಫೋಟಕಕ್ಕೆ ಸಮ. ಒಡೆದ್ರೆ ಸುತ್ತ ಇರೋ ಆರ್ಮರ್ ಪ್ಲೇಟೇ ಚೂರಾಗಿ ಹಾರತ್ತೆ. ಅರೀನಾ ಒಳಗೆ ಪಾಲಿಕಾರ್ಬನೇಟ್ ಗೋಡೆ ಇರತ್ತೆ, ಆದ್ರೆ ಬಾಟಲಿ ತುಂಬೋದು, ಫಿಟ್ ಮಾಡೋದು ಎಲ್ಲ ನಡೆಯೋದು ಪಿಟ್‌ನಲ್ಲಿ, ಅಂದ್ರೆ ಫೈಟ್‌ಗೆ ರೋಬೋಟ್ ರೆಡಿ ಮಾಡೋ ಜಾಗದಲ್ಲಿ, ಅಲ್ಲಿ ಯಾವ ಗೋಡೆನೂ ಇಲ್ಲ, ನಿಮ್ಮ ಮುಖ ಬಾಟಲಿಯಿಂದ ಒಂದು ಮೊಳ ದೂರ ಇರತ್ತೆ ಅಷ್ಟೆ.

ಪ್ರೆಶರ್ ಏರೋದು ಹೇಗೆ

ರೋಬೋಟ್‌ನಲ್ಲಿ ಬಳಸೋ ಗ್ಯಾಸ್ ಮುಖ್ಯವಾಗಿ ಎರಡು, ಸಿಒ2 ಮತ್ತೆ ಹೈ ಪ್ರೆಶರ್ ಗಾಳಿ ಅಥವಾ ನೈಟ್ರೋಜನ್. ಎರಡರ ಸ್ವಭಾವನೂ ಬೇರೆ ಬೇರೆ, ಹಾಗಾಗಿ ಸೇಫ್ಟಿ ಡಿವೈಸ್ ಆರಿಸೋ ರೀತಿನೂ ಬೇರೆ.

ಸಿಒ2 ಬಾಟಲಿ ಒಳಗೆ ದ್ರವವಾಗಿ ಇರತ್ತೆ. 0 ಡಿಗ್ರಿಯಲ್ಲಿ ಅದರ ಪ್ರೆಶರ್ ಸುಮಾರು 35 ಬಾರ್, 20 ಡಿಗ್ರಿಯಲ್ಲಿ 57, 30 ಡಿಗ್ರಿಯಲ್ಲಿ 72. 31 ಡಿಗ್ರಿ ದಾಟಿದ್ರೆ ದ್ರವ ಗ್ಯಾಸ್ ಅನ್ನೋ ಭೇದನೇ ಹೋಗ್ಬಿಡತ್ತೆ, ಆಮೇಲೆ ಪ್ರೆಶರ್ ಎಷ್ಟು ಅನ್ನೋದು ನೀವು ಎಷ್ಟು ತುಂಬಿದೀರ ಅನ್ನೋದರ ಮೇಲೆ ನಿಂತಿರತ್ತೆ. ಅದಕ್ಕೇ ತೂಕ ಅಷ್ಟು ಮುಖ್ಯ. ಬಾಟಲಿಗೆ ಎಷ್ಟು ನೀರು ಹಿಡಿಯತ್ತೋ ಆ ತೂಕದ 68% ಸಿಒ2 ತುಂಬಬಹುದು ಅನ್ನೋದು ಅಮೆರಿಕದ ನಿಯಮ, ಅಂದ್ರೆ ಒಂದು ಲೀಟರ್ ಬಾಟಲಿಗೆ 680 ಗ್ರಾಂ. ಹೀಗೆ ಸರಿಯಾಗಿ ತುಂಬಿದ ಬಾಟಲಿನೇ 27 ಡಿಗ್ರಿ ಹತ್ತಿರ ಬಂದಾಗ ಒಳಗೆ ಪೂರ್ತಿ ದ್ರವ ಆಗ್ಬಿಡತ್ತೆ, ಮೇಲ್ಗಡೆ ಖಾಲಿ ಜಾಗ ಅಂತ ಉಳಿಯಲ್ಲ, ಅಲ್ಲಿಂದ ಮುಂದೆ ಒಂದೊಂದು ಡಿಗ್ರಿಗೂ ಪ್ರೆಶರ್ ಜೋರಾಗಿ ಏರತ್ತೆ. ಇನ್ನು ಹತ್ತು ಹನ್ನೆರಡು ಪರ್ಸೆಂಟ್ ಜಾಸ್ತಿ ತುಂಬಿದ್ರಂತೂ 21 ಡಿಗ್ರಿಗೇ ಆ ಸ್ಥಿತಿ ಬರತ್ತೆ. ಬಾಟಲಿನ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ತುಂಬಿದ್ರೆ ಜಾಸ್ತಿ ಹಿಡಿಯತ್ತೆ ಅಂತ ಖುಷಿ ಪಡೋರು ಇದನ್ನ ಎರಡು ಸಲ ಓದಿ. ತೂಕದ ತಕ್ಕಡಿ ಇಲ್ದೆ ಸಿಒ2 ತುಂಬೋದು ಅಂದ್ರೆ ಕಣ್ಣು ಕಟ್ಕೊಂಡು ತುಂಬಿದ ಹಾಗೇನೇ.

ಗಾಳಿ, ನೈಟ್ರೋಜನ್ ಈ ವಿಷ್ಯದಲ್ಲಿ ಸಾಧು. ಟೆಂಪರೇಚರ್ 20ರಿಂದ 60 ಡಿಗ್ರಿಗೆ ಏರಿದ್ರೂ ಪ್ರೆಶರ್ ಏರೋದು ಸುಮಾರು 14% ಅಷ್ಟೆ, 3000 ಪಿಎಸ್ಐ (ಇದೂ ಬಾರ್ ಥರ ಪ್ರೆಶರ್ ಅಳತೆನೇ, 1000 ಪಿಎಸ್ಐ ಅಂದ್ರೆ 69 ಬಾರ್) ಇದ್ದದ್ದು 3400 ಆಗತ್ತೆ. ಇಲ್ಲಿ ಭಯ ಬೇರೆ ಕಡೆ ಇದೆ. ಬಾಟಲಿ ಒಳಗೆ 200, 300 ಬಾರ್ ಇರತ್ತೆ, ಮುಂದಿನ ಪಾರ್ಟ್‌ಗಳೆಲ್ಲ 10 ಬಾರ್‌ಗೋ 17 ಬಾರ್‌ಗೋ ಮಾಡಿದ್ದು, ಮಧ್ಯದಲ್ಲಿ ನಿಂತಿರೋದು ಒಂದು ರೆಗ್ಯುಲೇಟರ್, ಅದರ ಒಳಗೆ ವಾಲ್ವ್ ಒತ್ತಿ ಮುಚ್ಚೋ ಪುಟ್ಟ ಸೀಟ್‌ನಲ್ಲಿ ಒಂದು ಲೋಹದ ಪುಡಿ ಸಿಕ್ಕಿಹಾಕ್ಕೊಂಡ್ರೆ ಅದು ಪೂರ್ತಿ ಮುಚ್ಚಲ್ಲ, ಬಾಟಲಿ ಪ್ರೆಶರ್ರೆಲ್ಲ ಸೀದಾ ಮುಂದಕ್ಕೆ.

ಇದಲ್ದೆ ಸಿಒ2 ಫ್ಲಿಪ್ಪರ್‌ಗಳಿಗೆ ಇನ್ನೊಂದು ತೊಂದ್ರೆ ಇದೆ, ರೋಬೋಟ್ ಬೋರಲು ಬಿತ್ತು ಅಂದ್ರೆ ಬಾಟಲಿ ತಲೆಕೆಳಗಾಗಿ ಗ್ಯಾಸ್ ಬದಲು ದ್ರವನೇ ಲೈನಿಗೆ ನುಗ್ಗತ್ತೆ. ಒಳಗೆ ಬಗ್ಗಿಸಿದ ಟ್ಯೂಬ್ ಹಾಕಿದ್ರೂ ಅದು ಒಂದೇ ದಿಕ್ಕಿಗೆ ಕೆಲಸ ಮಾಡೋದು. ಹೀಗೆ ನುಗ್ಗಿದ ದ್ರವ ಎರಡು ಮುಚ್ಚಿದ ವಾಲ್ವ್‌ಗಳ ಮಧ್ಯೆ ಸಿಕ್ಕಿಹಾಕ್ಕೊಂಡು ಬೆಚ್ಚಗಾದ್ರೆ ಆ ಚೂರು ಪೈಪ್ ಒಳಗಿನ ಪ್ರೆಶರ್ ಎಲ್ಲಿಗೆ ಬೇಕಾದ್ರೂ ಹೋಗಬಹುದು. ಅಲ್ಲಿ ರಿಲೀಫ್ ಇಡೋದು ಬಹಳ ಜನಕ್ಕೆ ನೆನಪೇ ಆಗಲ್ಲ.

ಬರ್ಸ್ಟ್ ಡಿಸ್ಕ್

ಇದು ಒಂದು ತೆಳು ಲೋಹದ ಬಿಲ್ಲೆ, ತಾಮ್ರನೋ ನಿಕಲ್ಲೋ ಸ್ಟೇನ್‌ಲೆಸ್ಸೋ, ಗೊತ್ತಾದ ಪ್ರೆಶರ್‌ಗೆ ಹರಿದು ಗ್ಯಾಸ್ ಎಲ್ಲಾನೂ ಹೊರಗೆ ಬಿಡತ್ತೆ. ಚಲಿಸೋ ಭಾಗ ಇಲ್ಲ, ಸ್ಪ್ರಿಂಗ್ ಇಲ್ಲ, ಲೀಕ್ ಆಗೋ ಸೀಟ್ ಇಲ್ಲ, ತೂಕ ಕೆಲವೇ ಗ್ರಾಂ. ಮಿಲಿಸೆಕೆಂಡುಗಳಲ್ಲಿ ಪೂರ್ತಿ ತೆರೆಯತ್ತೆ, ರೋಬೋಟ್‌ಗೆ ಎಂಥಾ ಏಟು ಬಿದ್ರೂ ಇದಕ್ಕೆ ಏನೂ ಅನ್ಸಲ್ಲ. ಬಾಟಲಿಗೆ ಇದಕ್ಕಿಂತ ಒಳ್ಳೇ ಕಾವಲುಗಾರ ನನಗೆ ಕಂಡಿಲ್ಲ.

ರೇಟಿಂಗ್ ಹೇಗೆ ಬಂತು ಅಂತ ತಿಳ್ಕೊಂಡ್ರೆ ಆರಿಸೋದು ಸುಲಭ. ಪೇಂಟ್‌ಬಾಲ್ (ಬಣ್ಣದ ಗುಂಡು ಹೊಡೆಯೋ ಆಟ) ಬಾಟಲಿಗಳನ್ನೇ ತಗೊಳ್ಳಿ, ಹೆಚ್ಚಿನ ರೋಬೋಟ್‌ಗಳಲ್ಲಿ ಇರೋದು ಅವೇ. ಸಿಒ2 ಬಾಟಲಿಯ ವರ್ಕಿಂಗ್ ಪ್ರೆಶರ್, ಅಂದ್ರೆ ಮಾಮೂಲಿ ಬಳಕೆಗೆ ಗುರುತು ಮಾಡಿದ ಪ್ರೆಶರ್, 1800 ಪಿಎಸ್ಐ, ಡಿಸ್ಕ್ 3000. ಅಲ್ಯೂಮಿನಿಯಂ ಗಾಳಿ ಬಾಟಲಿ 3000, ಡಿಸ್ಕ್ 5000. ಕಾರ್ಬನ್ ಫೈಬರ್ ಬಾಟಲಿ 4500, ಡಿಸ್ಕ್ 7500. ಮೂರರಲ್ಲೂ ಒಂದೇ ಅನುಪಾತ, ಐದರಲ್ಲಿ ಮೂರು, ಯಾಕಂದ್ರೆ ಬಾಟಲಿನ ನೀರು ತುಂಬಿ ಟೆಸ್ಟ್ ಮಾಡೋ ಪ್ರೆಶರ್ರೇ ವರ್ಕಿಂಗ್ ಪ್ರೆಶರ್‌ನ 5/3 ಪಟ್ಟು ಇರತ್ತೆ, ಬಾಟಲಿ ಆ ಗಡಿ ದಾಟೋಕ್ ಮುಂಚೆ ಡಿಸ್ಕ್ ಹರೀಬೇಕು. ಇಲ್ಲಿ ಅಪಾಯ ಏನಪ್ಪಾ ಅಂದ್ರೆ 5000ದ ಡಿಸ್ಕ್ ಪ್ಲಗ್ಗೂ 7500ರದ್ದೂ ಹೊರಗಿಂದ ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ, ಕೈಗೆ ಸಿಕ್ಕಿದ್ದನ್ನ ತಿರುಗಿಸಿ ಕೂರಿಸಿದ್ರೆ 3000ದ ಬಾಟಲಿಗೆ ಕಾವಲೇ ಇಲ್ಲದ ಹಾಗೆ. ಸ್ಟ್ಯಾಂಪ್ ಓದದೆ ಹಾಕ್ಬೇಡಿ, ಸ್ಟ್ಯಾಂಪ್ ಅಳಿಸಿ ಹೋಗಿದ್ರೆ ಎಸೆದುಬಿಡಿ. ಸೋರ್ತಾ ಇದೆ ಅಂತ ಎರಡು ಡಿಸ್ಕ್ ಒಂದರ ಮೇಲೊಂದು ಇಡೋ ಬುದ್ಧಿವಂತಿಕೆ ಮಾಡೋರೂ ಇದ್ದಾರೆ, ಅದು ಹರಿಯೋ ಪ್ರೆಶರ್ರು ಆಮೇಲೆ ದೇವರಿಗೇ ಗೊತ್ತು.

ಡಿಸ್ಕ್‌ಗೂ ಕುಂದು ಇದೆ. ಒಂದು ಸಲ ಹರಿದ್ರೆ ಮುಗೀತು, ಬಾಟಲಿ ಪೂರ್ತಿ ಖಾಲಿ, ಆ ಫೈಟ್‌ನಲ್ಲಿ ನಿಮ್ಮ ಫ್ಲಿಪ್ಪರ್ ಇನ್ನು ಬರೀ ತಳ್ಳೋ ಗಾಡಿ. ಎರಡನೇದು, ಸುಸ್ತು. ಒಳಗಿಂದ ಪ್ರೆಶರ್ ತಳ್ಳಿ ಉಬ್ಬೋ ಮಾಮೂಲಿ ಡಿಸ್ಕ್‌ಗಳನ್ನ ಅವುಗಳ ರೇಟಿಂಗ್‌ನ 70% ಒಳಗೆ ಇಟ್ಕೊಂಡ್ರೆ ಬಾಳಿಕೆ ಬರತ್ತೆ, ಅದಕ್ಕಿಂತ ಮೇಲೆ ಪದೇ ಪದೇ ಏರಿಸಿ ಇಳಿಸಿದ್ರೆ ಲೋಹ ದಣಿದು ಒಂದಿನ ಕಾರಣ ಇಲ್ದೇನೇ ಹರಿಯತ್ತೆ. ಮೇಲಿನ ಮೂರೂ ಬಾಟಲಿಗಳಲ್ಲಿ ಅದು 60% ಬರತ್ತೆ, ಹಾಗಾಗಿ ಅಲ್ಲಿ ಚಿಂತೆ ಇಲ್ಲ. ಆದ್ರೆ ರೆಗ್ಯುಲೇಟರ್ ಇಲ್ದೆ ಸಿಒ2ನ ಸೀದಾ ಬಳಸೋ ಫುಲ್ ಪ್ರೆಶರ್ ಫ್ಲಿಪ್ಪರ್‌ನ ಲೈನಿಗೆ 1000 ಪಿಎಸ್ಐ ಡಿಸ್ಕ್ ಹಾಕಿದ್ರಿ ಅನ್ಕೊಳ್ಳಿ, ಅದು 69 ಬಾರ್. 20 ಡಿಗ್ರಿಯಲ್ಲೇ ಸಿಒ2 57 ಬಾರ್, ಅಂದ್ರೆ ಡಿಸ್ಕ್ ಆಗ್ಲೇ 83% ಮೇಲೆ ಕೂತಿದೆ, ಮೇಲಿಂದ ಪ್ರತಿ ಫ್ಲಿಪ್‌ಗೂ ಏರಿಳಿತ. 28 ಡಿಗ್ರಿ ಆದ್ರೆ 69 ಬಾರೇ ಆಗ್ಬಿಡತ್ತೆ, ಯಾರ ತಪ್ಪೂ ಇಲ್ದೆ ಡಿಸ್ಕ್ ಹಾರಿ ಹೋಗತ್ತೆ. ಇದು ಡಿಸ್ಕ್‌ನ ದೋಷ ಅಲ್ಲ, ಆ ಜಾಗಕ್ಕೆ ಅದು ಸರಿಯಾದ ಆಯ್ಕೆ ಅಲ್ಲ.

ಮೂರನೇದು ಹೆಚ್ಚು ಜನ ಲೆಕ್ಕ ಹಾಕದ್ದು, ತಳ್ಳು. ಪ್ಲಗ್‌ನಲ್ಲಿ ಒಂದೇ ಒಂದು 3 ಮಿಲಿಮೀಟರ್ ತೂತು ಇದ್ದು 200 ಬಾರ್ ಗ್ಯಾಸ್ ಅದರಿಂದ ಹೊರಟ್ರೆ ಆ ಕ್ಷಣದಲ್ಲಿ ಬರೋ ತಳ್ಳು 150 ನ್ಯೂಟನ್‌ಗಿಂತ ಜಾಸ್ತಿ, ಹದಿನೈದು ಕೆಜಿ ತೂಕ ಎತ್ತೋ ಅಷ್ಟು. ಬಾಟಲಿ ಟೇಬಲ್ ಮೇಲೆ ಸುಮ್ನೆ ಬಿದ್ದಿದ್ರೆ ರಾಕೆಟ್ ಆಗಿ ಹೋಗತ್ತೆ. ಅದಕ್ಕೇ ಸುತ್ತ ಎದುರುಬದುರಾಗಿ ತೂತು ಇರೋ ಪ್ಲಗ್‌ನೇ ತಗೊಳ್ಳಿ, ಎಲ್ಲ ಕಡೆಗೂ ಸಮನಾಗಿ ಹೋಗಿ ತಳ್ಳು ಒಂದಕ್ಕೊಂದು ಕಳೆದುಹೋಗತ್ತೆ. ಒಂದೇ ತೂತಿಂದು ಅಗ್ಗಕ್ಕೆ ಸಿಕ್ಕಿದ್ರೂ ಬೇಡ.

ಸ್ಪ್ರಿಂಗ್ ರಿಲೀಫ್ ವಾಲ್ವ್

ಕುಕ್ಕರ್‌ನ ವಿಷಲ್ಲಿಗೂ ಸೇಫ್ಟಿ ವಾಲ್ವ್‌ಗೂ ಇರೋ ವ್ಯತ್ಯಾಸನೇ ಇಲ್ಲೂ ಇರೋದು, ಒಂದು ಎದ್ದು ಕೂರತ್ತೆ, ಇನ್ನೊಂದು ಒಂದೇ ಸಲಕ್ಕೆ ಹೋಗತ್ತೆ. ರಿಲೀಫ್ ವಾಲ್ವ್ ವಿಷಲ್ ಜಾತಿದು. ಸೆಟ್ ಮಾಡಿದ ಪ್ರೆಶರ್ ದಾಟಿದ್ರೆ ತೆರೆದು ಹೆಚ್ಚಾಗಿದ್ದನ್ನ ಮಾತ್ರ ಬಿಟ್ಟು, ಸ್ವಲ್ಪ ಕೆಳಗಿಳಿದ ಮೇಲೆ ತಾನೇ ಮುಚ್ಚತ್ತೆ. ಫೈಟ್ ಮಧ್ಯೆ ಒಂದು ಸಲ ಪ್ರೆಶರ್ ಏರಿ ಇಳಿದ್ರೆ ರೋಬೋಟ್ ಇನ್ನೂ ಆಟದಲ್ಲಿ ಇರತ್ತೆ. ಕೆಲವದರಲ್ಲಿ ಎಳೆಯೋ ರಿಂಗ್ ಇರತ್ತೆ, ಕೆಲಸ ಮಾಡ್ತಿದ್ಯಾ ಅಂತ ಪಿಟ್‌ನಲ್ಲೇ ಎಳೆದು ನೋಡ್ಬಹುದು, ಡಿಸ್ಕ್‌ನಲ್ಲಿ ಈ ಸೌಲಭ್ಯ ಇಲ್ವೇ ಇಲ್ಲ. ರಿಂಗ್ ಮಾತ್ರ ವೈರಿಗೋ ಚೈನಿಗೋ ಸಿಕ್ಕದ ಹಾಗೆ ಮರೆ ಮಾಡಿ.

ಆದ್ರೆ ಇದು ಫ್ಯಾಕ್ಟರಿ ಕಂಪ್ರೆಸರ್ ಮೇಲೆ ಅಲುಗಾಡದೆ ಕೂರೋಕೆ ಹುಟ್ಟಿದ್ದು, ಸ್ಪಿನ್ನರ್ (ಗಿರಗಿರ ತಿರುಗೋ ಆಯುಧದ ರೋಬೋಟ್) ಹತ್ರ ಏಟು ತಿನ್ನೋಕೆ ಅಲ್ಲ. ಲೆಕ್ಕ ನೋಡಿ: ಸೀಟ್ 5 ಮಿಲಿಮೀಟರ್ ಅಗಲ, 17 ಬಾರ್‌ಗೆ ಸೆಟ್ ಮಾಡಿದೆ ಅಂದ್ರೆ ಸ್ಪ್ರಿಂಗ್ ಒತ್ತೋ ಬಲ ಸುಮಾರು 33 ನ್ಯೂಟನ್. ಲೈನ್‌ನಲ್ಲಿ ಆಗ 10 ಬಾರ್ ಇದ್ರೆ ಆ ಕಡೆಯಿಂದ 20 ನ್ಯೂಟನ್ ತಳ್ತಾ ಇರತ್ತೆ, ಉಳಿದ ಮಾರ್ಜಿನ್ 13 ನ್ಯೂಟನ್ ಅಷ್ಟೆ. ಸೀಟ್ ಮುಚ್ಚಿರೋ ಒಳಗಿನ ಮುಚ್ಚಳ, ಅಂದ್ರೆ ಪಾಪೆಟ್, 5 ಗ್ರಾಂ ಇದ್ದು ಸ್ಪ್ರಿಂಗ್ ದಿಕ್ಕಿನಲ್ಲೇ 500 ಜಿ (ಭೂಮಿಯ ಸೆಳೆತದ 500 ಪಟ್ಟು) ಏಟು ಬಿದ್ರೆ 24 ನ್ಯೂಟನ್ ಬರತ್ತೆ, ಪಾಪೆಟ್ ಒಂದು ಕ್ಷಣ ಎದ್ದೇ ಏಳತ್ತೆ. ಬುಸ್ ಅಂತ ಸ್ವಲ್ಪ ಗ್ಯಾಸ್ ಹೋಗತ್ತೆ, ಅದು ಪರ್ವಾಗಿಲ್ಲ, ಎದ್ದಾಗ ಕಸ ಒಳಗೆ ಸೇರಿ ಸೀಟ್ ಮೇಲೆ ಕೂತ್ರೆ ಆಮೇಲೆ ಸೋರ್ತಾನೇ ಇರತ್ತೆ. ಹಾಗಾಗಿ ವಾಲ್ವ್‌ನ ಏಟು ಬೀಳೋ ದಿಕ್ಕಿಗೆ ಅಡ್ಡವಾಗಿ ಕೂರಿಸಿ. ಮುಂದಿಂದ, ಹಿಂದಿಂದ, ಮೇಲಿಂದ ಬಿದ್ದಾಗ ಏಟು ಜಾಸ್ತಿ ಅನ್ನೋದಾದ್ರೆ ಎಡಬಲಕ್ಕೆ ಮಲಗ್ಸಿ.

ಸಿಒ2 ಜೊತೆ ಇನ್ನೊಂದು ರಗಳೆ. ಗ್ಯಾಸ್ ಹೊರಗೆ ಹೋಗ್ತಾ ಪ್ರೆಶರ್ 5.2 ಬಾರ್‌ಗಿಂತ ಕೆಳಗಿಳಿದ್ರೆ ಅಲ್ಲಿ ದ್ರವ ಇರೋಕೆ ಸಾಧ್ಯನೇ ಇಲ್ಲ, ಹೊರಗೆ ಬರೋ ದ್ರವ ಅಲ್ಲೇ ಡ್ರೈ ಐಸ್ ಪುಡಿ ಆಗತ್ತೆ, ಮೈನಸ್ 78 ಡಿಗ್ರಿ. ಆ ಪುಡಿ ವಾಲ್ವ್ ಬಾಯಲ್ಲಿ ಕಟ್ಟಿಕೊಂಡ್ರೆ ಪಾಪೆಟ್ ಸರಿಯಾಗಿ ಮುಚ್ಚಲ್ಲ ಅಥವಾ ದಾರಿನೇ ಮುಚ್ಚಿಹೋಗತ್ತೆ. ನೈಟ್ರೈಲ್ ಓರಿಂಗ್‌ಗಳು ಸಿಒ2ನ ಹೀರ್ಕೊಂಡು ಪ್ರೆಶರ್ ಬಿಟ್ಟಾಗ ಗುಳ್ಳೆ ಎದ್ದು ಸೀಳ್ತಾವೆ, ಪಾಲಿಯುರೆಥೇನ್ ಓರಿಂಗ್ ಇರೋ ವಾಲ್ವ್ ಹುಡ್ಕಿ. ಇಷ್ಟೆಲ್ಲ ಇರೋದ್ರಿಂದಾನೇ ಬಾಟಲಿ ಮೇಲೆ ಡಿಸ್ಕ್ ಬದಲು ರಿಲೀಫ್ ವಾಲ್ವ್ ಹಾಕ್ತೀನಿ ಅನ್ನೋರಿಗೆ ನಾನು ಬೇಡ ಅನ್ನೋದು.

ಫ್ಯೂಸಿಬಲ್ ಪ್ಲಗ್

ಇದು ಪ್ರೆಶರ್ ನೋಡಲ್ಲ, ಬಿಸಿ ನೋಡತ್ತೆ. ಬೇಗ ಕರಗೋ ಲೋಹ ತುಂಬಿದ ಪ್ಲಗ್, ಸಾಮಾನ್ಯವಾಗಿ 74 ಡಿಗ್ರಿ ಅಥವಾ 100 ಡಿಗ್ರಿಗೆ ಕರಗಿ ದಾರಿ ಬಿಡತ್ತೆ. ರೋಬೋಟ್ ಕಟ್ಟೋರು ಇದನ್ನ ಲೆಕ್ಕಕ್ಕೇ ತಗೊಳಲ್ಲ, ನನ್ನ ಪ್ರಕಾರ ತಗೋಬೇಕು, ಲಿಪೋಗಳ ಕಾರಣಕ್ಕೆ.

ಅರ್ಧ ಖಾಲಿಯಾದ ಬಾಟಲಿ ಅನ್ಕೊಳ್ಳಿ, 3000ದ ಅಲ್ಯೂಮಿನಿಯಂ ಬಾಟಲಿಯಲ್ಲಿ 1500 ಪಿಎಸ್ಐ ಉಳಿದಿದೆ, ಪಕ್ಕದ ಬ್ಯಾಟರಿಗೆ ಬೆಂಕಿ ಬಿತ್ತು. ಡಿಸ್ಕ್ ಹರೀಬೇಕು ಅಂದ್ರೆ ಪ್ರೆಶರ್ 5000 ಆಗ್ಬೇಕು, ಅದಕ್ಕೆ ಒಳಗಿನ ಗಾಳಿ ಸುಮಾರು 700 ಡಿಗ್ರಿಗೆ ಕಾಯ್ಬೇಕು. ಅಲ್ಯೂಮಿನಿಯಂ 660ಕ್ಕೇ ಕರಗತ್ತೆ, ಅದರ ಬಲವಂತೂ ಅದಕ್ಕಿಂತ ಎಷ್ಟೋ ಮುಂಚೆ ಕುಸಿಯತ್ತೆ, 177 ಡಿಗ್ರಿ ಕಂಡ ಅಲ್ಯೂಮಿನಿಯಂ ಸಿಲಿಂಡರ್‌ನ ಮತ್ತೆ ಬಳಸೋ ಹಾಗೇ ಇಲ್ಲ ಅನ್ನೋದು ಅಮೆರಿಕದ ಸಾರಿಗೆ ಇಲಾಖೆಯ ನಿಯಮ. ಅಂದ್ರೆ ಬೆಂಕಿಯಲ್ಲಿ ಡಿಸ್ಕ್ ಸುಮ್ನೆ ನೋಡ್ತಾ ಕೂತಿರತ್ತೆ, ಬಾಟಲಿನೇ ಮೊದ್ಲು ಸೋಲತ್ತೆ. ತುಂಬಿದ ಬಾಟಲಿಗಿಂತ ಅರ್ಧ ತುಂಬಿದ್ದಕ್ಕೇ ಡಿಸ್ಕ್‌ನ ಕಾವಲು ಕಮ್ಮಿ ಅನ್ನೋದು ಕೇಳೋಕೆ ವಿಚಿತ್ರ, ಲೆಕ್ಕ ಹಾಗೇ ಬರತ್ತೆ.

ಹಾಗಂತ ಫ್ಯೂಸಿಬಲ್ ಪ್ಲಗ್ ಒಂದೇ ಸಾಕಾಗಲ್ಲ, ಜಾಸ್ತಿ ತುಂಬಿದ ಬಾಟಲಿ 40 ಡಿಗ್ರಿಯಲ್ಲಿ ಉಬ್ಬಿ ನಿಂತಿದ್ರೂ ಅದಕ್ಕೆ ಗೊತ್ತಾಗಲ್ಲ. ಡಿಸ್ಕ್ ಹಿಂದೆ ಕರಗೋ ಲೋಹ ತುಂಬಿರೋ ಜೋಡಿ ಡಿವೈಸ್‌ಗಳೂ ಬರ್ತಾವೆ, ಅಮೆರಿಕದ ಸಿಜಿಎ (ಕಂಪ್ರೆಸ್ಡ್ ಗ್ಯಾಸ್ ಅಸೋಸಿಯೇಷನ್) ಪಟ್ಟಿಯಲ್ಲಿ ಸಿಜಿ-1 ಅಂದ್ರೆ ಬರೀ ಡಿಸ್ಕ್, ಸಿಜಿ-2 ಮತ್ತು 3 ಬರೀ ಫ್ಯೂಸಿಬಲ್, ಸಿಜಿ-4 ಮತ್ತು 5 ಈ ಜೋಡಿ, ಸಿಜಿ-7 ರಿಲೀಫ್ ವಾಲ್ವ್. ಜೋಡಿ ಅಂದ ತಕ್ಷಣ ಡಬಲ್ ಸೇಫ್ಟಿ ಅನ್ಕೋಬೇಡಿ, ಅದು ಬಿಡೋಕೆ ಬಿಸಿನೂ ಬೇಕು ಪ್ರೆಶರ್ರೂ ಬೇಕು, ಎರಡೂ ಸೇರಿದ್ರೆ ಮಾತ್ರ. ನಮಗೆ ಬೇಕಿರೋದು ಎರಡರಲ್ಲಿ ಯಾವುದಾದ್ರೂ ಒಂದು ಆದ್ರೆ ಬಿಡೋದು, ಹಾಗಾಗಿ ಜೋಡಿ ಬೇಡ, ಜಾಗ ಇದ್ರೆ ಎರಡನ್ನೂ ಬೇರೆ ಬೇರೆಯಾಗಿ ಹಾಕಿ. ಅದಕ್ಕೆ ಅಂತ ಬಾಟಲಿಗೆ ನೀವೇ ತೂತು ಕೊರೆಯೋ ಕೆಲಸಕ್ಕೆ ಮಾತ್ರ ಕೈ ಹಾಕ್ಬೇಡಿ, ಪೋರ್ಟ್ ಇರೋ ವಾಲ್ವ್ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಬ್ಯಾಟರಿಗೂ ಬಾಟಲಿಗೂ ಮಧ್ಯೆ ಗೋಡೆ ಕಟ್ಟಿ ಆದಷ್ಟು ದೂರ ಇಡಿ.

ರೆಗ್ಯುಲೇಟರ್ ಆದ್ಮೇಲೆ: ಅಸಲಿ ಲೆಕ್ಕ ಇಲ್ಲಿದೆ

ಬಾಟಲಿ ಕಡೆ ಕಂಪನಿಯವ್ರು ಯೋಚನೆ ಮಾಡಿ ಡಿಸ್ಕ್ ಹಾಕಿ ಕೊಟ್ಟಿರ್ತಾರೆ, ತಪ್ಪಾಗೋದೆಲ್ಲ ಮುಂದಿನ ಭಾಗದಲ್ಲಿ. ಕಾಂಬ್ಯಾಟ್ ರೋಬೋಟ್ ಸ್ಪರ್ಧೆಗಳಿಗೆ ಅಂತ ಇರೋ ಸ್ಪಾರ್ಕ್ ನಿಯಮಾವಳಿ ಥರದವುಗಳಲ್ಲಿ ರೆಗ್ಯುಲೇಟರ್ ಆದ್ಮೇಲೆ ಬೇರೆ ರಿಲೀಫ್ ಇರ್ಲೇಬೇಕು, ಅದು ಆ ಭಾಗದಲ್ಲಿರೋ ಅತಿ ಕಮ್ಮಿ ರೇಟಿಂಗ್ ಪಾರ್ಟ್‌ನ 130% ಮೀರಬಾರದು ಅಂತ ಇದೆ. 10 ಬಾರ್ ಸಿಲಿಂಡರ್ ಇದ್ರೆ 13 ಬಾರ್. ನೀವು ಆಡೋ ಕಡೆ ಯಾವ ನಿಯಮ ಅಂತ ನೋಡ್ಕೊಂಡೇ ವಾಲ್ವ್ ತಗೊಳ್ಳಿ, ನಂಬರ್ ಒಂದೊಂದು ಕಡೆ ಒಂದೊಂದು ಥರ.

ಸೆಟ್ ಪ್ರೆಶರ್ ಸರಿ ಇದ್ರೆ ಸಾಕು ಅಂತ ಎಲ್ರೂ ನಿಲ್ಸೋದು ಇಲ್ಲೇ. ಆದ್ರೆ ಫ್ಲೋ? ರೆಗ್ಯುಲೇಟರ್ ತೆರೆದೇ ಸಿಕ್ಕಿಹಾಕ್ಕೊಂಡ್ರೆ ಅದರಿಂದ ಎಷ್ಟು ಗ್ಯಾಸ್ ಬರತ್ತೋ ಅಷ್ಟನ್ನೂ ರಿಲೀಫ್ ವಾಲ್ವ್ ಹೊರಗೆ ಹಾಕ್ಬೇಕು, ಇಲ್ಲಾಂದ್ರೆ ಅದು ತೆರೆದಿದ್ರೂ ಪ್ರೆಶರ್ ಏರ್ತಾನೇ ಹೋಗತ್ತೆ. ಸಣ್ಣ ತೂತಿನಿಂದ ಗ್ಯಾಸ್ ಹೋಗೋ ಪ್ರಮಾಣ ಹೆಚ್ಚುಕಮ್ಮಿ ಹಿಂದಿನ ಪ್ರೆಶರ್ ಗುಣಿಸು ತೂತಿನ ವಿಸ್ತೀರ್ಣ. ರೆಗ್ಯುಲೇಟರ್ ಸೀಟ್ 2 ಮಿಲಿಮೀಟರ್, ಹಿಂದೆ 200 ಬಾರ್. ರಿಲೀಫ್ ತೆರೆಯೋದು 20 ಬಾರ್‌ಗೆ. ಪ್ರೆಶರ್ ಹತ್ತು ಪಟ್ಟು ಕಮ್ಮಿ ಅಂದ್ರೆ ವಿಸ್ತೀರ್ಣ ಹತ್ತು ಪಟ್ಟು ಬೇಕು, ಅಂದ್ರೆ ಅಡ್ಡಳತೆ 6.3 ಮಿಲಿಮೀಟರ್, ಅದೂ ಪಾಪೆಟ್ ಪೂರ್ತಿ ಎದ್ದಾಗ ಸಿಗೋ ನಿಜವಾದ ದಾರಿ. ಹೆಬ್ಬೆರಳು ಗಾತ್ರದ ಅಗ್ಗದ ಪಾಪ್ ಆಫ್ ವಾಲ್ವ್ (ಪುಟ್ಟ ರಿಲೀಫ್ ವಾಲ್ವ್) ಒಳಗೆ ಇಷ್ಟು ದೊಡ್ಡ ದಾರಿ ಇರಲ್ಲ. ಸಣ್ಣ ರೋಬೋಟ್‌ಗೆ ಅಷ್ಟು ದೊಡ್ಡ ವಾಲ್ವ್ ಹಾಕಿದ್ರೆ ಮೂಗಿಗಿಂತ ಮೂಗುತಿ ಭಾರ.

ಇದಕ್ಕೆ ಮೂರು ದಾರಿ ಇವೆ. ಒಂದು, ಎರಡು ಹಂತದಲ್ಲಿ ಇಳ್ಸೋದು. ಪೇಂಟ್‌ಬಾಲ್ ಬಾಟಲಿ ರೆಗ್ಯುಲೇಟರ್ ಮೊದ್ಲು 850 ಪಿಎಸ್ಐಗೆ, ಅಂದ್ರೆ 58 ಬಾರ್‌ಗೆ ಇಳ್ಸತ್ತೆ, ಅದರ ಕಮ್ಮಿ ಪ್ರೆಶರ್ ಕಡೆಗೆ 1800ರ ಬೇರೆ ಡಿಸ್ಕ್ ಕೂಡ ಇರತ್ತೆ. ಎರಡನೇ ರೆಗ್ಯುಲೇಟರ್ ಕೆಟ್ರೂ ಅದರ ಹಿಂದೆ ಇರೋದು 58 ಬಾರ್, ಈಗ ರಿಲೀಫ್‌ಗೆ 3.4 ಮಿಲಿಮೀಟರ್ ದಾರಿ ಸಾಕು, ಅದು ಸಿಗತ್ತೆ. ಎರಡೂ ಒಟ್ಟಿಗೆ ಕೆಟ್ರೆ ಏನು ಅಂತ ಕೇಳೋರು ಮೂರನೇ ದಾರಿ ನೋಡಿ. ಎರಡನೇ ದಾರಿ, ರೆಗ್ಯುಲೇಟರ್ ಹತ್ರ ಒಂದು ಮಿಲಿಮೀಟರ್ ತೂತಿನ ರೆಸ್ಟ್ರಿಕ್ಟರ್ ಹಾಕೋದು, ಬರೋ ಗ್ಯಾಸ್ ಕಾಲು ಭಾಗಕ್ಕೆ ಇಳಿಯತ್ತೆ. ಫ್ಲಿಪ್ಪರ್‌ಗೆ ಫ್ಲೋ ಸಾಯತ್ತಲ್ಲ ಅಂತೀರಾ, ಅದಕ್ಕೆ ರೆಸ್ಟ್ರಿಕ್ಟರ್ ಆದ್ಮೇಲೆ ದೊಡ್ಡ ಬಫರ್ ಟ್ಯಾಂಕ್ ಇಡಿ, ಫ್ಲಿಪ್‌ಗೆ ಬೇಕಾದ್ದು ಬಫರ್ ಕೊಡತ್ತೆ, ತುಂಬೋದು ನಿಧಾನಕ್ಕೆ ತುಂಬ್ಲಿ. ನನಗೆ ಇದೇ ಇಷ್ಟ, ಯಾಕಂದ್ರೆ ತೂತು ಕೆಡೋ ವಸ್ತು ಅಲ್ಲ. ಬಫರ್ರೂ ಒಂದು ಪ್ರೆಶರ್ ವೆಸೆಲ್ಲೇ ಅನ್ನೋದು ನೆನಪಿರ್ಲಿ, ಅದಕ್ಕೂ ರೇಟಿಂಗ್ ಇರ್ಬೇಕು, ರಿಲೀಫ್ ಅದರ ಮೇಲೇ ಕೂತ್ರೆ ಇನ್ನೂ ಒಳ್ಳೇದು. ಮೂರನೇದು, ರಿಲೀಫ್ ವಾಲ್ವ್ ಪಕ್ಕದಲ್ಲೇ ಅದಕ್ಕಿಂತ ಸ್ವಲ್ಪ ಮೇಲಿನ ಪ್ರೆಶರ್‌ಗೆ ಅಗಲವಾದ ಡಿಸ್ಕ್ ಇಡೋದು, ನಿಯಮದ ಗಡಿ ಒಳಗೇ. ಚಿಕ್ಕಪುಟ್ಟ ಏರಿಳಿತ ವಾಲ್ವ್ ನೋಡ್ಕೊಳ್ಳತ್ತೆ, ನಿಜವಾಗ್ಲೂ ಕೆಟ್ಟಾಗ ಡಿಸ್ಕ್ ಹೋಗತ್ತೆ.

ಕೆಲವು ರೆಗ್ಯುಲೇಟರ್ ಮೇಲೆ ಸೆಲ್ಫ್ ರಿಲೀವಿಂಗ್ ಅಂತ ಬರೆದಿರತ್ತೆ, ಅದಿದೆ ಅಂತ ರಿಲೀಫ್ ವಾಲ್ವ್ ಬಿಟ್ಬಿಡೋರನ್ನ ನೋಡಿದೀನಿ. ಅದು ಪ್ರೆಶರ್ ಸೆಟ್ಟಿಂಗ್ ಕಮ್ಮಿ ಮಾಡಿದಾಗ ಹೆಚ್ಚಾಗಿದ್ದನ್ನ ನಿಧಾನಕ್ಕೆ ಬಿಡೋಕೆ ಇರೋ ಸೂಜಿ ಗಾತ್ರದ ದಾರಿ, ಸೇಫ್ಟಿ ಡಿವೈಸ್ ಅಲ್ಲ.

ಯಾವ ರೋಬೋಟ್‌ಗೆ ಯಾವುದು

ಚಿಕ್ಕ ರೋಬೋಟ್‌ನಲ್ಲಿ 12 ಅಥವಾ 16 ಗ್ರಾಂ ಸಿಒ2 ಕಾರ್ಟ್ರಿಡ್ಜ್ ಇದ್ರೆ ಅದರ ಮೇಲೆ ಡಿಸ್ಕ್ ಹಾಕೋಕೇ ಆಗಲ್ಲ, ಗಟ್ಟಿ ಉಕ್ಕಿನ ಗೋಡೆ ನಂಬ್ಕೊಂಡಿರೋದು ಅದು. ನಿಮ್ಮ ಕೆಲಸ ಅದನ್ನ ಚುಚ್ಚಿದಾಗ ಗ್ಯಾಸ್ ನುಗ್ಗೋ ಮುಂದಿನ ಭಾಗ, ಅಲ್ಲೊಂದು ಪುಟ್ಟ ರಿಲೀಫ್ ವಾಲ್ವ್ ಸಾಕು, ಇರೋ ಗ್ಯಾಸೇ ಅಷ್ಟು.

ಗಾಳಿ ಬಾಟಲಿ ಇರೋ ಫ್ಲಿಪ್ಪರ್‌ಗೆ ಬಾಟಲಿ ಜೊತೆ ಬಂದ ಡಿಸ್ಕ್‌ಗಳನ್ನ ಮುಟ್ಟದೆ ಹಾಗೇ ಬಿಡಿ, ಎರಡನೇ ರೆಗ್ಯುಲೇಟರ್ ಆದ್ಮೇಲೆ ರೆಸ್ಟ್ರಿಕ್ಟರ್, ಬಫರ್, ಬಫರ್ ಮೇಲೆ ರಿಲೀಫ್ ವಾಲ್ವ್. ಹೊಸಬರಿಗೆ ನಾನು ಇದನ್ನೇ ಹೇಳೋದು, ಗ್ಯಾಸ್ ನಡತೆ ಊಹಿಸಬಹುದು, ಬೋರಲು ಬಿದ್ರೂ ಅದೇ ಗ್ಯಾಸು. ಕಾರ್ಬನ್ ಫೈಬರ್ ಬಾಟಲಿ ಹಗುರ ನಿಜ, ಆದ್ರೆ ಅದಕ್ಕೆ ಕಚ್ಚು ಬಿದ್ರೆ ಯಾವ ಡಿಸ್ಕೂ ಉಳಿಸಲ್ಲ, ಫೈಬರ್ ಕತ್ತರಿಸಿ ಹೋಗಿದ್ರೆ ಬಾಟಲಿ ತನ್ನ ಮಾಮೂಲಿ ಪ್ರೆಶರ್‌ಗೇ ಒಡೀಬಹುದು. ಸುತ್ತ ಗಟ್ಟಿ ಗೂಡು ಕಟ್ಟಿ, ಮುಖ್ಯವಾಗಿ ವಾಲ್ವ್ ಇರೋ ಕತ್ತಿನ ಹತ್ರ.

ಸಿಒ2 ಜೊತೆ ರೆಗ್ಯುಲೇಟರ್ ಇರೋದಾದ್ರೆ ಮೇಲಿನ ವ್ಯವಸ್ಥೆಗೆ ಇನ್ನೆರಡು ಸೇರ್ಸಿ, ದ್ರವ ಸಿಕ್ಕಿಹಾಕ್ಕೊಳ್ಳಬಹುದಾದ ಪ್ರತಿ ಪೈಪ್ ತುಂಡಿಗೂ ರಿಲೀಫ್, ಮತ್ತೆ ತೂಕ ಬರೆದಿಟ್ಟ ಬಾಟಲಿ.

ಫುಲ್ ಪ್ರೆಶರ್ ಸಿಒ2 ಅನುಭವ ಇದ್ದೋರ ಆಟ. ರೋಬೋಟ್ ವಾರ್ಸ್ ಅನ್ನೋ ಬ್ರಿಟಿಷ್ ಟಿವಿ ಸ್ಪರ್ಧೆಯ 3ನೇ ಮತ್ತು 4ನೇ ಸೀರೀಸ್ ಗೆದ್ದ ಕೇಯಾಸ್ 2 ಸಿಒ2 ಫ್ಲಿಪ್ಪರ್‌ನಿಂದಾನೇ ಹೆಸರು ಮಾಡಿದ್ದು, ಅದನ್ನ ನೋಡಿ ಆಸೆ ಹುಟ್ಟೋದು ಸಹಜ. ಆದ್ರೆ ಇಲ್ಲಿ ಬಾಟಲಿ ಡಿಸ್ಕ್ 207 ಬಾರ್‌ಗೆ ಹರಿಯತ್ತೆ, ನಿಮ್ಮ ವಾಲ್ವು, ಹೋಸು 100 ಬಾರ್‌ದು ಅಂದ್ರೆ ಮಧ್ಯದ 107 ಬಾರ್ ಯಾರೂ ಕಾಯದ ಜಾಗ. ಪಾರ್ಟ್ ರೇಟಿಂಗ್‌ಗೆ ತಕ್ಕ ರಿಲೀಫ್ ವಾಲ್ವ್ ಬೇಕೇ ಬೇಕು, ಸೆಕೆಯಲ್ಲಿ ಅದು ಪದೇ ಪದೇ ಬಿಡ್ತಾ ಇದ್ರೆ ಸೆಟ್ಟಿಂಗ್ ಏರಿಸೋಕೆ ಹೋಗ್ದೆ ಬಾಟಲಿ ತಂಪಾಗಿಡಿ.

ಕೂರಿಸೋ ಜಾಗ

ಸೇಫ್ಟಿ ಡಿವೈಸ್‌ಗೂ ಅದು ಕಾಯೋ ಪಾರ್ಟ್‌ಗೂ ಮಧ್ಯೆ ಯಾವ ಶಟಾಫ್ ವಾಲ್ವೂ ಬರಬಾರದು, ಯಾರೋ ಅದನ್ನ ಮುಚ್ಚಿದ್ರೆ ಡಿವೈಸ್ ಇದ್ದೂ ಇಲ್ಲ. ಹೊರಗೆ ಬಿಡೋ ಬಾಯಿಗೆ ಉದ್ದ ಹೋಸ್ ಸಿಕ್ಕಿಸಬೇಡಿ, ಹಿಂದಕ್ಕೆ ಪ್ರೆಶರ್ ಕಟ್ಟಿ ಫ್ಲೋ ಕುಗ್ಗತ್ತೆ. ಹಾಗಂತ ಆ ಬಾಯಿ ಮುಚ್ಚಿದ ಛಾಸಿ ಒಳಗೆ ತೆರೆದ್ರೂ ಕಷ್ಟ, ಗ್ಯಾಸ್ ಹೊರಗೆ ಹೋಗೋಕೆ ಆರ್ಮರ್‌ನಲ್ಲಿ ಕಿಂಡಿ ಇರ್ಲಿ, ಮತ್ತೆ ಅದು ರೋಬೋಟ್ ಆನ್ ಮಾಡೋಕೆ ಬಗ್ಗೋರ ಮುಖದ ಕಡೆ ಇರಬಾರದು. ಪಿಟ್‌ನಲ್ಲಿ ಒಂದು ಕೆಜಿ ಸಿಒ2 ಬಿಟ್ಟುಹೋದ್ರೆ ಅದು ಸುಮಾರು 540 ಲೀಟರ್ ಗ್ಯಾಸ್, ಗಾಳಿಯಲ್ಲಿ 4% ಆದ್ರೇನೇ ಜೀವಕ್ಕೆ ಅಪಾಯ, ಗಾಳಿಗಿಂತ ಭಾರ ಬೇರೆ, ನೆಲದ ಹತ್ರಾನೇ ಕೂರತ್ತೆ. ಚಿಕ್ಕ ರೂಮಲ್ಲಿ ಡಿಸ್ಕ್ ಹಾರಿದ್ರೆ ಬಾಗಿಲು ತೆಗೆದು ಹೊರಗೆ ಬನ್ನಿ, ರೋಬೋಟ್ ಆಮೇಲೆ ನೋಡ್ಕೊಳ್ಳೋಣ.

ಟೆಕ್ ಚೆಕ್‌ಗೆ, ಅಂದ್ರೆ ಸ್ಪರ್ಧೆಯವ್ರ ಸೇಫ್ಟಿ ತಪಾಸಣೆಗೆ, ಹೋಗುವಾಗ ಬಾಟಲಿ ಸ್ಟ್ಯಾಂಪು, ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡೋ ಪ್ರೆಶರ್ ಟೆಸ್ಟ್) ತಾರೀಕು, ಡಿಸ್ಕ್ ಮೇಲಿನ ನಂಬರು, ರಿಲೀಫ್ ವಾಲ್ವ್ ಮೇಲಿನ ಸೆಟ್ ಪ್ರೆಶರ್ರು ಇವು ಕವರ್ ಬಿಚ್ಚಿದ ತಕ್ಷಣ ಕಾಣೋ ಹಾಗೆ ತಿರುಗಿಸಿ ಕೂರಿಸಿ. ಅಡ್ಜಸ್ಟ್ ಮಾಡೋ ವಾಲ್ವ್ ಆಗಿದ್ರೆ ಸೆಟ್ ಮಾಡಿ ನಟ್ ಲಾಕ್ ಮಾಡಿ ಮೇಲೆ ಪೇಂಟಿನ ಗೆರೆ ಎಳೀರಿ, ಗೆರೆ ಮುರಿದಿದ್ರೆ ಯಾರೋ ತಿರುಗಿಸಿದಾರೆ ಅಥವಾ ಏಟಿಗೆ ತಾನೇ ತಿರುಗಿದೆ ಅಂತ ಅರ್ಥ, ಎರಡರಲ್ಲಿ ಯಾವುದಾದ್ರೂ ಮತ್ತೆ ಗೇಜ್ ಹಾಕಿ ಚೆಕ್ ಮಾಡ್ದೆ ಬಾಟಲಿ ಓಪನ್ ಮಾಡ್ಬೇಡಿ.